ಪುಸ್ತಕದಲ್ಲಿ ನಾಲ್ಕಡಿ ನೀರು

ಊರಿನ ಕುಡಿಯುವ ನೀರಿಗೆಂದು ಹೊಳೆಗೆ ಕಟ್ಟಿದ ಅಣೆಕಟ್ಟೆ. ಅದಕ್ಕೆ ಐದು ಗೇಟು. ಆ ಐದನ್ನೂ ಇಪ್ಪತ್ತೆಂಟು ವರ್ಷದಿಂದ ಎತ್ತುತ್ತ ಇಳಿಸುತ್ತ ಬಂದವನನ್ನು ಊರವರು ಗೇಟಣ್ಣ ಎನ್ನುತ್ತಿದ್ದರು. ಮನುಷ್ಯ ಒಳ್ಳೆಯವನು. ಕಳ್ಳತನ ಅರಿಯ, ಕುಡಿತ ಅರಿಯ, ಒಬ್ಬರ ಮೇಲೆ ಇನ್ನೊಬ್ಬರಿಗೆ ಚಾಡಿ ಹೇಳಿದವನಲ್ಲ. ಸೋಮಾರಿ, ಅಷ್ಟೇ. ಆ ಸೋಮಾರಿತನವನ್ನೂ ಅವನು ಅಚ್ಚುಕಟ್ಟಾಗಿ, ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದುದರಿಂದ ಮೇಲಿನವರ ಕಣ್ಣಿಗೆ ಅದು ಕರ್ತವ್ಯನಿಷ್ಠೆಯಂತೆ ಕಾಣುತ್ತಿತ್ತು.

ಅಣೆಕಟ್ಟೆಯ ತುದಿಯಲ್ಲಿ ಅವನ ಕೋಣೆ. ಒಂದು ಮೇಜು, ಕೂತರೆ ಕಿರ್ರೆನ್ನುವ ಕಬ್ಬಿಣದ ಕುರ್ಚಿ, ಚಹಾಕ್ಕೊಂದು ಕರೆಂಟ್ ಒಲೆ, ಗೇಟುಗಳ ಗುಂಡಿಗಳಿದ್ದ ಹಸಿರು ಪೆಟ್ಟಿಗೆ, ಫೋನು, ಕಿಟಕಿ. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಹೊಳೆ. ನೀರು ಎಷ್ಟಿದೆಯೆಂದು ಅಳೆಯಲು ಅಲ್ಲಿನ ದಂಡೆಯ ಗೋಡೆಗೆ ಅಡಿ ಇಂಚು ಬರೆದ ಅಳತೆಪಟ್ಟಿ ಹೊಡೆದಿದ್ದರು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಹೀಗೆ ದಿನಕ್ಕೆ ಮೂರು ಸಲ ಇಳಿದುಹೋಗಿ ನೋಡಿ, ಹತ್ತಿ ಬಂದು ಪುಸ್ತಕದಲ್ಲಿ ಬರೆಯಬೇಕು. ಇಳಿಯಲು ನೂರಾ ಹನ್ನೆರಡು ಮೆಟ್ಟಿಲು. ಹತ್ತುವಾಗ ಅವೇ ಎರಡರಷ್ಟಾಗುತ್ತಿದ್ದವು ಎಂಬುದಕ್ಕೆ ಗೇಟಣ್ಣನ ಮೊಣಕಾಲೇ ಸಾಕ್ಷಿ.

ಮೊದಲ ಆರು ವರ್ಷ ಅವನು ಇಳಿದದ್ದೂ ಉಂಟು, ಹತ್ತಿದ್ದೂ ಉಂಟು. ಆರನೆಯ ವರ್ಷದ ಬೇಸಗೆಯಲ್ಲಿ ಒಂದು ದಿನ, ಕಂಡದ್ದನ್ನು ಕಂಡ ಹಾಗೆ, "ಒಂದು ಅಡಿ ಎಂಟು ಇಂಚು" ಎಂದು ಬರೆದ. ಆಗಷ್ಟೇ ಬಂದಿದ್ದ ಹೊಸ ಸಾಹೇಬರಿಂದ ಕಾಗದ ಬಂತು: ನೀರು ನಾಲ್ಕು ಅಡಿಗಿಂತ ಕಡಿಮೆಯಾದಾಗಲೆಲ್ಲ ಕಾರಣವನ್ನು ಮೂರು ಪ್ರತಿಗಳಲ್ಲಿ ಬರೆದು ಕಳಿಸತಕ್ಕದ್ದು. ಗೇಟಣ್ಣ ಮೂರು ಪ್ರತಿಗಳಲ್ಲಿ "ಬೇಸಗೆ" ಎಂದು ಬರೆದು ಕಳಿಸಿದ. ಕಾಗದ ವಾಪಸು ಬಂತು: ಬೇಸಗೆ ಎಂಬುದು ಕಾರಣವಾಗಲಾರದು, ವಿವರವಾಗಿ ಬರೆಯಿರಿ. ಅವನು ಬಿಸಿಲು, ಸೆಕೆ, ಮೋಡವಿಲ್ಲದ ಆಕಾಶ ಎಲ್ಲವನ್ನೂ ಸೇರಿಸಿ ಒಂದು ಪುಟ ಬರೆದ. ದಿನಕ್ಕೆ ಮೂರು ಅಳತೆ, ಒಂದೊಂದಕ್ಕೆ ಮೂರು ಪ್ರತಿ. ವಾರ ಕಳೆಯುವುದರೊಳಗೆ ಬೆರಳು ಸೆಟೆದುಕೊಂಡವು. ಎಂಟನೆಯ ದಿನ ಬೆಳಿಗ್ಗೆ ಅವನ ಪುಸ್ತಕದಲ್ಲಿ ಹೊಳೆಗೆ ನಾಲ್ಕು ಅಡಿ ನೀರು ಬಂತು.

ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ, ಎಂಥ ಬೇಸಗೆಯಲ್ಲೂ, ಆ ಹೊಳೆ ಪುಸ್ತಕದ ಮಟ್ಟಿಗೆ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಅನುಮಾನ ಬರಬಾರದೆಂದು ಗೇಟಣ್ಣ ಒಮ್ಮೊಮ್ಮೆ ಒಂದಿಂಚು ಏರಿಸುತ್ತಿದ್ದ, ಮನಸ್ಸು ಒಪ್ಪದಿದ್ದರೆ ಮಾರನೆಯ ದಿನ ಇಳಿಸುತ್ತಿದ್ದ. ತಿಂಗಳಿಗೊಮ್ಮೆ ಸಾಹೇಬರು ಸಹಿ ಹಾಕುತ್ತಿದ್ದರು. ಏಳು ಜನ ಸಾಹೇಬರು ಬಂದು ಹೋದರು, ಒಬ್ಬರೂ ಮೆಟ್ಟಿಲಿಳಿಯಲಿಲ್ಲ. ನಿಜವಾದ ಹೊಳೆಗೆ ಅವನು ಮಾಡುತ್ತಿದ್ದದ್ದು ಇಷ್ಟೇ: ಬೇಸಗೆ ಶುರುವಾದಾಗ ನಾಲ್ಕನೆಯ ಗೇಟನ್ನು ಒಂದು ಗೇಣು ಎತ್ತಿ ಬಿಡುವುದು, ಮಳೆ ಬರುವ ತನಕ ಅದರ ತಂಟೆಗೆ ಹೋಗದಿರುವುದು. ಕೆಳಗೆ ಒಂದೂವರೆ ಅಡಿ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಮೇಲೆ ಪಂಪುಗಳಿಗೆ ಬೇಕಾದಷ್ಟು ನಿಲ್ಲುತ್ತಿತ್ತು. ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂತು.

ಆಕೆ ಮೀನಿನ ಇಲಾಖೆಯವರು, ಬಂದದ್ದು ಬೇಸಗೆಗೆ ಮುಂಚೆ, ಹೊಳೆಯಲ್ಲಿ ಇನ್ನೂ ನೀರು ತುಂಬಿದ್ದಾಗ. ವಯಸ್ಸಿನಲ್ಲಿ ಗೇಟಣ್ಣನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನೂರಾ ಹನ್ನೆರಡು ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೂ ಏದುಸಿರು ಬಿಡುತ್ತಿರಲಿಲ್ಲ. ಅದನ್ನು ನೋಡುತ್ತ ಕೂತಿದ್ದಕ್ಕೇ ಗೇಟಣ್ಣನಿಗೆ ದಣಿವಾಗುತ್ತಿತ್ತು. ಮೂರನೆಯ ದಿನ ಮೀನಿನ ಮೇಡಂ ಕೆಳಗಿನಿಂದ ಕೂಗು ಹಾಕಿದರು. ಯಾರೋ ಬಿದ್ದರೆಂದು ಅವನು ಕಿಟಕಿಗೆ ಓಡಿದ. ಆಕೆ ದಂಡೆಯಂಚಿನ ಮೊಣಕಾಲು ನೀರಿನಲ್ಲಿ ನಿಂತು ಕುಣಿಯುತ್ತಿದ್ದರು.

ಸಿಕ್ಕಿದ್ದು ಒಂದು ಮೀನು. ಬೆರಳುದ್ದ, ಕೆಸರಿನ ಬಣ್ಣ, ಚಪ್ಪಟೆ ಹೊಟ್ಟೆ. ಕಲ್ಲಿಗೆ ಬಾಯಿ ಒತ್ತಿ ಕೂತುಕೊಂಡೇ ಜೀವನ ಕಳೆಯುವ ಪ್ರಾಣಿ. ಊರವರು ಅದನ್ನು ಕಲ್ಲುನೆಕ್ಕ ಎನ್ನುತ್ತಿದ್ದರು. ಬೆಕ್ಕೂ ಅದನ್ನು ಮೂಸಿ ಮುಂದೆ ಹೋಗುತ್ತಿತ್ತು. ಇಲಾಖೆಯ ಲೆಕ್ಕದಲ್ಲಿ ಈ ಮೀನು ಉಳಿದ ಹೊಳೆಗಳಲ್ಲೆಲ್ಲ ನಾಮಾವಶೇಷವಾಗಿತ್ತು. ಇಲ್ಲಿ ಮಾತ್ರ ಸಂಸಾರ ಸಮೇತ ಇತ್ತು.

"ಬೇರೆ ಕಡೆ ಎಲ್ಲಾ ಸತ್ತುಹೋಗಿ ಇಲ್ಲೊಂದೇ ಕಡೆ ಹೇಗೆ ಉಳೀತು ಅಣ್ಣಾ?" ಎಂದು ಕೇಳುತ್ತ ಮೇಡಂ ಅವನ ಕೋಣೆಯಲ್ಲಿ ಚಹಾ ಕುಡಿದರು. ಕುಡಿಯುತ್ತ ಕಪಾಟಿನ ಕಡೆ ನೋಡಿದರು. "ಅವು ನೀರಿನಳತೆ ಪುಸ್ತಕಗಳಾ? ನೋಡಬಹುದಾ?"

ನೋಡಬಾರದು ಎನ್ನಲು ಕಾರಣ ಬೇಕಲ್ಲ. ಮೊದಲ ಆರು ವರ್ಷದವು ಎಂದೋ ಗೆದ್ದಲಿನ ಪಾಲಾಗಿದ್ದವು. ಉಳಿದ ಇಪ್ಪತ್ತೆರಡನ್ನು ಮೇಡಂ ಎರಡು ದಿನ ಕೂತು ಓದಿದರು. ಎರಡನೆಯ ದಿನ ಸಂಜೆ ತಲೆಯೆತ್ತಿದಾಗ ಅವರ ಕಣ್ಣು ತುಂಬಿತ್ತು.

"ಉಳಿದ ಹೊಳೆಗಳು ಬೇಸಗೇಲಿ ಒಂದಡಿಗೆ ಇಳಿಯುತ್ವೆ. ಇಲ್ಲಿ ಒಂದು ದಿನಾನೂ ನಾಲ್ಕಡಿಗಿಂತ ಇಳಿಯೋಕೆ ನೀವು ಬಿಟ್ಟಿಲ್ಲ. ಈ ಮೀನು ಬದುಕಿರೋದು ನಿಮ್ಮಿಂದ ಅಣ್ಣಾ. ಈ ಹೊಳೆಯನ್ನ ನಿಮ್ಮಷ್ಟು ಬಲ್ಲವರು ಇನ್ಯಾರೂ ಇಲ್ಲ."

ಹೇಳಬೇಕಾಗಿದ್ದದ್ದು ಆಗಲೇ. ಬಾಯಿ ತೆರೆದದ್ದೂ ನಿಜ. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಮನೆಯಲ್ಲಂತೂ ಕೇಳುವುದೇ ಬೇಡ. ತೆರೆದ ಬಾಯಿಂದ ಅವನಿಗೇ ಗೊತ್ತಿಲ್ಲದ ಹಾಗೆ, "ಏನೋ ಮೇಡಂ, ನಮ್ಮ ಕೈಲಾದಷ್ಟು," ಎಂಬ ಮಾತು ಹೊರಬಿತ್ತು.

ಒಂದು ತಿಂಗಳಲ್ಲಿ ಎರಡು ಕಾಗದ ಬಂದವು. ಮೊದಲನೆಯದು ಗಾಜಿನ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ. ಅಳಿವಿನಂಚಿನ ಜೀವಿಯನ್ನು ಕಾಪಾಡಿದ್ದಕ್ಕಾಗಿ ಎಂದು ಅದರಲ್ಲಿ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಗೇಟಣ್ಣ ಅದನ್ನು ಮನೆಯ ನಡುಮನೆಯಲ್ಲಿ, ಬಾಗಿಲು ತೆರೆದರೆ ರಸ್ತೆಗೆ ಕಾಣುವ ಹಾಗೆ ತೂಗುಹಾಕಿದ. ಎರಡನೆಯದು ಹುಕುಂ. ಮೀನು ಮೊಟ್ಟೆಯಿಡುವ ಕಾಲ, ಅಂದರೆ ಮಳೆಗೆ ಮುಂಚಿನ ಎರಡು ತಿಂಗಳು, ಅಣೆಕಟ್ಟೆಯ ಕೆಳಗೆ ಹಿಂದಿನಂತೆಯೇ ನಾಲ್ಕು ಅಡಿ ನೀರು ಇರತಕ್ಕದ್ದು. "ಹಿಂದಿನಂತೆಯೇ" ಎಂಬ ಮಾತಿನ ಕೆಳಗೆ ಗೆರೆ ಎಳೆದಿದ್ದರು. ನೋಡಲು ಮೇಡಂ ದಿನವೂ ಅಲ್ಲೇ ಇರುತ್ತಾರೆ.

ಬರೆಯುವುದಕ್ಕೆ ನಾಲ್ಕಡಿ ಸುಲಭ. ಹರಿಸುವುದಕ್ಕೆ ಮೂರು ಗೇಟು ಎತ್ತಬೇಕಾಯಿತು. ಮೇಲೆ ನಿಂತಿದ್ದ ನೀರು ದಿನದಿನಕ್ಕೆ ಇಳಿಯಿತು. ಅಲ್ಲಿಂದ ಊರಿಗೆ ನೀರು ಎತ್ತುವ ಪಂಪುಮನೆ ಗೇಟಣ್ಣನ ಹೆಂಡತಿಯ ಅಣ್ಣನದು, ಎಂದರೆ ಅಲ್ಲಿ ಪಂಪು ನಡೆಸುವವನು ಅವನು. ಭಾವಂದಿರಿಬ್ಬರೂ ಜಗಳದಲ್ಲೂ ಬಹುವಚನ ಬಿಟ್ಟವರಲ್ಲ.

"ಭಾವಾ, ದಯವಿಟ್ಟು ಗೇಟು ಇಳಿಸಿ. ನನ್ನ ಪಂಪು ನೀರು ಬಿಟ್ಟು ಗಾಳಿ ಎಳೀತಿದೆ," ಎಂದು ಫೋನಿನಲ್ಲಿ ಪಂಪಿನ ಭಾವ.

"ಆಗಲ್ಲ ಭಾವ. ಮೀನಿಗೆ ನಾಲ್ಕಡಿ ಬೇಕು."

"ಊರಿಗೆ ಬೇಡ್ವಾ?"

"ಊರೇನು ಮೊಟ್ಟೆ ಇಡುತ್ತಾ ಭಾವ? ಹುಕುಂ ಇರೋದು ಮೊಟ್ಟೆ ಇಡೋರಿಗೆ."

"ನಿಮ್ಮ ತಲೆ! ನಿಮ್ಮ ತಂಗಿ... ಅಲ್ಲ, ನನ್ನ ತಂಗಿ ಮನೆ ನಲ್ಲೀಲೂ ನೀರು ನಿಲ್ಲುತ್ತೆ, ನೋಡ್ಕೊಳ್ಳಿ!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಮೂರು ಪಂಪಿನಲ್ಲಿ ಎರಡು ನಿಂತವು. ಊರಿಗೆ ದಿನ ಬಿಟ್ಟು ದಿನ ನೀರು, ಅದೂ ಮುಕ್ಕಾಲು ಗಂಟೆ. ಮನೆಮನೆಯ ಮುಂದೆ ಬಕೆಟ್ಟು, ಡ್ರಮ್ಮು, ಹಳೆಯ ಬಣ್ಣದ ಡಬ್ಬ ಎಲ್ಲ ಸಾಲಾಗಿ ನಿಂತವು. ಬೀದಿ ನಲ್ಲಿಯ ಹತ್ತಿರ ಹೆಂಗಸರು ಮೀನಿಗೆ ಬೈದು ಮುಗಿಸಿ, ಮೀನಿನ ಇಲಾಖೆಗೆ ಬೈದು ಮುಗಿಸಿ, "ಬೇಸಗೇಲಿ ನಾಲ್ಕಡಿ ಇರುತ್ತೆ ಅಂತ ಅವರಿಗೆ ಹೇಳಿದ ಪುಣ್ಯಾತ್ಮ ಯಾರಂತೆ?" ಎಂದು ಕೇಳಿದರು. ಆ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಗೇಟಣ್ಣ, ಯಾರೂ ತನ್ನನ್ನು ಕೇಳದಿದ್ದರೂ, "ನಾನು ಈಗ ಬಂದೆ ಕಣ್ರಮ್ಮ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ.

ಅವನ ಹೆಂಡತಿ ಹೆಚ್ಚು ಮಾತಿನವಳಲ್ಲ. ಆದರೆ ಬಕೆಟ್ಟಿನ ತಳದಲ್ಲಿ ಎರಡು ಚೊಂಬು ನೀರು ಉಳಿದಿದ್ದ ದಿನ ಪ್ರಶಸ್ತಿಪತ್ರದ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ಒಂದು ಕೇಳ್ತೀನಿ. ಮಗಳು ಚಿಕ್ಕವಳಿದ್ದಾಗ ಪ್ರತಿ ಬೇಸಗೇಲೂ ಅವಳ ಕೈ ಹಿಡ್ಕೊಂಡು ಆ ಹೊಳೆ ದಾಟಿ ತವರಿಗೆ ಹೋಗ್ತಿದ್ದೆ. ಸೀರೆ ಒಂದು ಚೂರು ಎತ್ತಿದ್ರೆ ಸಾಕಾಗ್ತಿತ್ತು. ನಾಲ್ಕಡಿ ನೀರಿದ್ದಿದ್ರೆ ನಾವಿಬ್ರೂ ತೇಲಿಹೋಗ್ಬೇಕಿತ್ತಲ್ಲ?"

ಗೇಟಣ್ಣ ಹೆಗಲ ಮೇಲಿನ ಟವಲಿನಿಂದ ಪ್ರಶಸ್ತಿಪತ್ರದ ಗಾಜು ಒರೆಸತೊಡಗಿದ. ಅವಳಿಗೆ ಅಷ್ಟೇ ಸಾಕಾಯಿತು.

"ಅಯ್ಯೋ ನಿಮ್ಮ! ಇಷ್ಟು ವರ್ಷವೂ ಕೂತಲ್ಲೇ ಬರೆದ್ರಾ? ಹೋಗಿ ಹೇಳಿ ಆ ಹುಡುಗೀಗೆ."

"ಹೇಗೆ ಹೇಳ್ಲಿ ಕಣೇ? ಎಂಟು ತಿಂಗಳಿಗೆ ನಿವೃತ್ತಿ. ಅದೂ ಹೋಗ್ಲಿ ಅಂದ್ರೆ, ಆಕೆ ನನ್ನನ್ನ ನಂಬಿದಾರೆ. ಈ ಹೊಳೆಯನ್ನ ನಿಮ್ಮಷ್ಟು ಬಲ್ಲವರಿಲ್ಲ ಅಂದ್ರು. ಅಂಥ ಮಾತು ನಂಗೆ ಇನ್ಯಾರು ಹೇಳಿದಾರೆ ಹೇಳು?"

"ಬಲ್ಲಿರಿ ತಾನೆ? ಬಲ್ಲದ್ದನ್ನೇ ಹೇಳಿ ಮತ್ತೆ," ಎಂದು ಹೆಂಡತಿ ಎರಡು ಚೊಂಬಿನಲ್ಲಿ ಒಂದನ್ನು ಅವನಿಗೆ ಮುಖ ತೊಳೆಯಲು ಕೊಟ್ಟಳು.

ಆದರೂ ಅವನು ಹೇಳಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ದಿನ ದೂಡಿದ. ಹೇಗೂ ಎರಡೇ ತಿಂಗಳು, ಒಂದು ಮಳೆ ಬಿದ್ದರೆ ಎಲ್ಲರ ತಲೆಯೂ ತಣ್ಣಗಾಗುತ್ತದೆ. ಆದರೆ ಕಲ್ಲುನೆಕ್ಕಕ್ಕೆ ಈ ಒಪ್ಪಂದ ಗೊತ್ತಿರಲಿಲ್ಲ. ನಾಲ್ಕಡಿ ನೀರಿನ ಸೆಳೆತದಲ್ಲಿ ಅದು ಮೊಟ್ಟೆಯಿಡುವುದನ್ನೇ ನಿಲ್ಲಿಸಿಬಿಟ್ಟಿತು. ಮೇಡಂ ದಿನಕ್ಕೆ ಇನ್ನೂರು ಕಲ್ಲು ಮಗುಚಿ ನೋಡುತ್ತಿದ್ದರು. ಒಂದನೆಯ ದಿನ ಸೊನ್ನೆ, ಐದನೆಯ ದಿನ ಸೊನ್ನೆ, ಹತ್ತೊಂಬತ್ತನೆಯ ದಿನವೂ ಸೊನ್ನೆ. ಚಹಾ ಕುಡಿಯುವಾಗಲೂ ಆ ಸೊನ್ನೆಗಳನ್ನೇ ಎಣಿಸುತ್ತಿದ್ದರು.

ಇಪ್ಪತ್ತನೆಯ ದಿನ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಮೇಡಂ ಕರೆಸಿದ್ದರು. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಸಾಹೇಬರು ಕೂತರು, ಅದು ಕಿರ್ರೆಂದಿತು.

"ಸಾರ್, ಈ ವರ್ಷ ಮೊಟ್ಟೆ ಇಡದಿದ್ರೆ ಈ ಮೀನು ಮುಗೀತು," ಎಂದರು ಮೇಡಂ. "ಬಹುಶಃ ಈ ಸಲದ ಬಿಸಿಲಿಗೆ ನಾಲ್ಕಡಿ ಸಾಲ್ತಿಲ್ಲ. ಐದಡಿ ಮಾಡಿ ಅಂತ ಇವತ್ತೇ ಬರೀತೀನಿ."

"ಐದಡಿ ಅಂದ್ರೆ ಮೂರನೇ ಪಂಪೂ ನಿಲ್ಲುತ್ತಲ್ಲಮ್ಮ!"

"ಗೊತ್ತು ಸಾರ್. ಊರಿಗೆ ಲಾರೀಲಿ ನೀರು ತರಿಸಬಹುದು. ಮೀನನ್ನ ಎಲ್ಲಿಂದ ತರಿಸೋದು?"

ಗೇಟಣ್ಣ ಬಾಗಿಲಲ್ಲಿ ನಿಂತಿದ್ದ. ಐದಡಿ ನೀರು ಬಿಡುವವನು ತಾನೇ, ಆ ಗುಂಡಿ ಒತ್ತುವ ಬೆರಳು ತನ್ನದೇ. ಊರಿನ ನಲ್ಲಿಯೂ ಒಣಗುತ್ತದೆ, ಮೀನೂ ಉಳಿಯುವುದಿಲ್ಲ. ಅವನಿಗೆ ಭಯವಾಯಿತು, ನಾಚಿಕೆಯಾಯಿತು, ಕೊನೆಗೆ ಕಲ್ಲು ಮಗುಚಿ ಒಡೆದ ಆ ಹುಡುಗಿಯ ಕೈಬೆರಳುಗಳನ್ನು ನೋಡಿ ಒಳಗೆ ಬಂದ.

"ನಾಲ್ಕಡಿ ಯಾವತ್ತೂ ಇರಲಿಲ್ಲ ಮೇಡಂ," ಎಂದ. "ಒಂದೂವರೆ ಅಡಿ ಇರೋದು. ನಾನು ಇಲ್ಲೇ ಕೂತು ಬರೀತಿದ್ದೆ."

ಕುರ್ಚಿ ಮತ್ತೆ ಕಿರ್ರೆಂದಿತು. ಮೊದಲು ಚೇತರಿಸಿಕೊಂಡವರು ಸಾಹೇಬರು.

"ಏನಯ್ಯಾ, ತಲೆ ಕೆಟ್ಟಿದೆಯಾ ನಿಂಗೆ? ಪುಸ್ತಕ ಹೇಗೆ ಸುಳ್ಳಾಗುತ್ತೆ? ಅದರಲ್ಲಿ ನನ್ನ ಸಹಿ ಇದೆ!"

"ಸಹಿ ನಿಜ ಸಾರ್. ನೀರು ಸುಳ್ಳು."

ಮೇಡಂ ಕಪಾಟಿನ ಪುಸ್ತಕಗಳ ಕಡೆ ಕೈ ತೋರಿಸಿದರು. "ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಾನಾದ್ರೂ ನಿಜ ಬರೆದಿದೀರಾ?"

"ಮಳೆಗಾಲದಲ್ಲಿ ಬರೆದಿದೀನಿ ಮೇಡಂ. ಆಗ ನಾಲ್ಕಡಿ ಮೇಲೆ ಇರುತ್ತಲ್ಲ, ಯಾರೂ ಕಾರಣ ಕೇಳಲ್ಲ."

ಆಕೆ ನಗಲಿಲ್ಲ. ನಗುತ್ತಾರೆಂದು ಅವನು ಎಣಿಸಿಯೂ ಇರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಒಂದೊಂದೇ ಪ್ರಶ್ನೆ ಕೇಳಿದರು. ಯಾವ ಗೇಟು, ಎಷ್ಟು ಎತ್ತುತ್ತಿದ್ದಿರಿ, ನಡುವೆ ಎಷ್ಟು ಸಲ ಬದಲಾಯಿಸುತ್ತಿದ್ದಿರಿ?

"ಬದಲಾಯಿಸ್ತಿರಲಿಲ್ಲ. ಒಂದ್ಸಲ ಗೇಣಗಲ ಎತ್ತಿದ್ರೆ ಮಳೆ ಬರೋವರೆಗೂ ಮುಟ್ಟುತ್ತಿರಲಿಲ್ಲ."

"ಯಾಕೆ?"

"ಯಾಕೆ ಮುಟ್ಟಬೇಕು ಮೇಡಂ?"

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಉಳಿದ ಅಣೆಕಟ್ಟೆಗಳಲ್ಲಿ ಬೆಳಿಗ್ಗೆ ಗೇಟು ಎತ್ತಿ ಸಂಜೆ ಇಳಿಸುತ್ತಾರೆ. ನೀರು ಏರಿದಾಗ ಮೊಟ್ಟೆ ಕೊಚ್ಚಿಹೋಗುತ್ತದೆ, ಇಳಿದಾಗ ಒಣಗುತ್ತದೆ. ಇಲ್ಲಿ ವರ್ಷವರ್ಷವೂ ಒಂದೂವರೆ ಅಡಿ ನೀರು ಎರಡು ತಿಂಗಳು ಅಲ್ಲಾಡದೆ ಹರಿದಿದೆ. ಕಲ್ಲುನೆಕ್ಕ ನಂಬಿಕೊಂಡಿದ್ದದ್ದು ಗೇಟಣ್ಣನ ಪುಸ್ತಕವನ್ನಲ್ಲ, ಅವನ ಸೋಮಾರಿತನವನ್ನು. ಹಾವೂ ಸಾಯದೆ ಕೋಲೂ ಮುರಿಯದೆ ನಡೆದುಕೊಂಡು ಬಂದಿದ್ದದ್ದನ್ನು ಕೆಡಿಸಿದ್ದು ಪ್ರಶಸ್ತಿ. ಇದನ್ನು ಮೇಡಂ ಬಿಡಿಸಿ ಹೇಳುವಾಗ ಸಾಹೇಬರು ತಲೆಯಾಡಿಸುತ್ತಿದ್ದರೂ ಅವರ ಮನಸ್ಸು ತಮ್ಮ ಸಹಿಯ ಮೇಲೇ ಇತ್ತು.

"ಪುಸ್ತಕದ ವಿಷಯ ಈ ಕೋಣೆಯಲ್ಲೇ ಇರಲಿ," ಎಂದರು.

"ಆಗಲ್ಲ ಸಾರ್. ಆ ಪುಸ್ತಕ ನಂಬಿ ವರದಿ ಬರೆದವಳು ನಾನು. ತಪ್ಪಾಯ್ತು ಅಂತಾನೂ ನಾನೇ ಬರೀತೀನಿ," ಎಂದು ಮೇಡಂ ಚೀಲ ಹೆಗಲಿಗೇರಿಸಿಕೊಂಡರು. ಮೇಜಿನ ಮೇಲೆ ಅವರಿಗೆಂದು ಇಟ್ಟಿದ್ದ ಚಹಾ ಹಾಗೇ ಉಳಿಯಿತು.

ಗೇಟಣ್ಣನಿಗೆ ಒಂದು ಎಚ್ಚರಿಕೆಯ ಕಾಗದ ಸಿಕ್ಕಿತು. ಅದನ್ನು ಅವನು ತಕರಾರಿಲ್ಲದೆ ತೆಗೆದುಕೊಂಡ. ಮನೆಗೆ ಹೋಗಿ ಪ್ರಶಸ್ತಿಪತ್ರ ಇಳಿಸಿದ. "ಚೌಕಟ್ಟು ಚೆನ್ನಾಗಿದೆ, ಮೊಮ್ಮಗನ ಫೋಟೋ ಹಾಕೋಣ," ಎಂದಳು ಹೆಂಡತಿ. ಅಷ್ಟು ಬಿಟ್ಟರೆ ಅವಳು ಆ ವಿಷಯ ಎತ್ತಲಿಲ್ಲ, ರಾತ್ರಿಯ ಊಟಕ್ಕೆ ಅವನಿಗೆ ಇಷ್ಟವಾದದ್ದನ್ನೇ ಮಾಡಿದಳು.

ನೀರನ್ನು ಒಮ್ಮೆಗೇ ಇಳಿಸಿದರೆ ಮೀನುಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿ ಒಣಗುತ್ತವೆ. ಹಾಗಾಗಿ ಗಂಟೆಗೆ ಎರಡೇ ಇಂಚು. ಎರಡು ಹಗಲು ಅವನು ಗೇಟು ಚೂರು ಇಳಿಸುವುದು, ಮೆಟ್ಟಿಲಿಳಿದು ನೋಡುವುದು, ಹತ್ತುವುದು, ಮತ್ತೆ ಚೂರು ಇಳಿಸುವುದು ಮಾಡಿದ. ಇಪ್ಪತ್ತೆರಡು ವರ್ಷ ಬಾಕಿಯಿದ್ದ ಮೆಟ್ಟಿಲುಗಳೆಲ್ಲ ಒಟ್ಟಿಗೇ ಬಂದು ಮೊಣಕಾಲಿಗೆ ಬಡಿದವು. ಪಂಪಿನ ಭಾವ ಫೋನು ಮಾಡಿ, "ಮೂರೂ ಪಂಪು ಓಡ್ತಿವೆ ಭಾವಾ, ನಿಮ್ಮ ಕಾಲು ಹೇಗಿದೆ?" ಎಂದ. "ಕಾಲಿನ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡಿ," ಎಂದ ಗೇಟಣ್ಣ.

ಊರಿಗೆ ನೀರು ಬಂತು. ಬೈಗುಳ ನಿಂತಿತು. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಮೇಡಂ ಈಗ ಕೋಣೆಗೆ ಬರುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಅವನು ಕೆಳಗಿಳಿದು, ಅಳತೆಪಟ್ಟಿಗೆ ಮುಖ ತಾಗುವಷ್ಟು ಬಗ್ಗಿ, ನೋಡಿ, ಗಟ್ಟಿಯಾಗಿ ಹೇಳುತ್ತಿದ್ದ. ಆಕೆ ನೀರಿನಿಂದ ಎದ್ದು ಬಂದು, ಅವನು ಸರಿದ ಜಾಗದಲ್ಲಿ ತಾವೂ ಬಗ್ಗಿ ನೋಡಿ, ಆಮೇಲೆ ಬರೆದುಕೊಳ್ಳುತ್ತಿದ್ದರು. ಅಣ್ಣಾ ಎಂದು ಕರೆಯುವುದೂ ನಿಂತಿತ್ತು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಪ್ರತಿ ಸಲ ಆಕೆ ಬಗ್ಗಿದಾಗಲೂ ಅವನಿಗೆ ಮುಖ ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ. ಹೆಂಡತಿಗೆ ಹೇಳಿದರೆ, "ಮಾಡಿದ್ದುಣ್ಣೋ ಮಹಾರಾಯ ಅಂತ ಗೊತ್ತಲ್ಲ, ಉಣ್ಣಿ," ಎಂದಳು.

ನೀರಿಳಿದ ಮೇಲೆ ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಕೊನೆಯ ಮೆಟ್ಟಿಲಿಳಿಯುವ ಹೊತ್ತಿಗೆ ಮೇಡಂ ನೀರಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಒಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಈ ಸಲ ಕೂಗಲಿಲ್ಲ. ತಲೆಯಾಡಿಸಿ ಹತ್ತಿರ ಕರೆದರು. ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನೀರಿಗಿಳಿದ. ಕಲ್ಲಿನ ಅಡಿಯಲ್ಲಿ ನೆನೆಸಿಟ್ಟ ಸಬ್ಬಕ್ಕಿಯಂಥ ಮೊಟ್ಟೆಗಳು ಒತ್ತಾಗಿ ಅಂಟಿಕೊಂಡಿದ್ದವು. ಪಕ್ಕದ ಕಲ್ಲಿನ ಮೇಲೆ ಒಂದು ಕಲ್ಲುನೆಕ್ಕ ಬಾಯಿ ಒತ್ತಿಕೊಂಡು, ಜಗತ್ತಿನಲ್ಲಿ ಇನ್ನೇನೂ ನಡೆದೇ ಇಲ್ಲವೆಂಬ ಹಾಗೆ ಕೂತಿತ್ತು.

"ಬಂತಾ ಮೇಡಂ?"

"ಬಂತು."

ಆಕೆ ಕಲ್ಲನ್ನು ಇದ್ದ ಹಾಗೇ ಮೆಲ್ಲಗೆ ಇಟ್ಟರು. ಗೇಟಣ್ಣ ಕಣ್ಣೊರೆಸಿಕೊಂಡು, ಇನ್ನೇನು ಮಾಡಲೂ ತೋಚದೆ, ಅಳತೆಪಟ್ಟಿಯ ಹತ್ತಿರ ಹೋಗಿ ಬಗ್ಗಿದ.

"ಒಂದಡಿ ಏಳಿಂಚು ಮೇಡಂ."

ಹೇಳಿ ಎಂದಿನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತ. ಮೇಡಂ ಇದ್ದಲ್ಲೇ ನಿಂತು ನೋಟ್‌ಬುಕ್ ತೆಗೆದು ಬರೆದುಕೊಂಡರು. ಮುಚ್ಚಿ ಚೀಲದಲ್ಲಿಟ್ಟರು.

"ಮೇಡಂ, ನೀವು ನೋಡ್ಲಿಲ್ಲ."

"ನೀವು ನೋಡಿದ್ರಲ್ಲ ಅಣ್ಣಾ."

ಆಕೆ ಮುಂದಿನ ಕಲ್ಲಿಗೆ ಬಗ್ಗಿದರು. ಅವನು ಮೆಟ್ಟಿಲಿನತ್ತ ಎರಡು ಹೆಜ್ಜೆ ಇಟ್ಟ. ಆಮೇಲೆ ಸರಿಯಾಗಿ ನೋಡಿದೆನೇ ಎಂಬ ಅನುಮಾನ ಬಂತು. ತಿರುಗಿ ಅಳತೆಪಟ್ಟಿಯ ಹತ್ತಿರ ಹೋದ. ಮೊಣಕಾಲು ಬೇಡವೆಂದರೂ ಕೇಳದೆ ನೀರಿನಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಉಸಿರು ಬಿಗಿಹಿಡಿದು ನೋಡಿದ.

"ಮೇಡಂ! ಏಳಲ್ಲ!" ಎಂದು ಕೂಗಿದ. "ಏಳೂವರೆ! ತಿದ್ಕೊಳ್ಳಿ ಮೇಡಂ, ಏಳೂವರೆ!"